ಟವೆಲ್ಲಿನ ಕೆಳಗಿನ ಪಾಠ

ನಂಜನಗೂಡಿನಲ್ಲಿ ರೈಲಿಳಿದಾಗ ಶ್ರೀಕಂಠೇಶ್ವರನ ಗೋಪುರಕ್ಕೆ ಇನ್ನೂ ಬಿಸಿಲು ತಾಕಿರಲಿಲ್ಲ. ಸುತ್ತೂರು ಜಾತ್ರೆಯ ಬಸ್ಸು ಮಾತ್ರ ಆಗಲೇ ತುಂಬಿತ್ತು. ಕಿಟಕಿ ಪಕ್ಕ ಕುಳಿತ ನನ್ನ ತಲೆಯಲ್ಲಿ ದೂರದ ದೇಶವೊಂದು ಸುಳಿಯುತ್ತಿತ್ತು. ಅಮೆರಿಕದ ಓಹಾಯೊದಲ್ಲಿ 1902ರಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕ ಹಳ್ಳಿ ಮಕ್ಕಳ ಕೂಟ ಕಟ್ಟಿದ. ಅಂಥ ಕೂಟಗಳೇ ಬೆಳೆದು ‘ಫೋರ್-ಎಚ್’ ಆದವು. ಅಲ್ಲಿ ಮಕ್ಕಳು ತಾವೇ ಸಾಕಿದ ಕುದುರೆ, ಕರುಗಳನ್ನು ಜಾತ್ರೆಗೆ ಕರೆತಂದು ತೋರಿಸುತ್ತಾರೆ. ನಮ್ಮಲ್ಲಿ ಇದನ್ನೆಲ್ಲ ಯಾರು ಕಲಿಸುತ್ತಾರೆ?

ಕಪಿಲೆಯ ದಡದ ಸುತ್ತೂರಿನಲ್ಲಿ ತೇರು, ಕುಸ್ತಿ, ದನಗಳ ಜಾತ್ರೆಯ ಜೊತೆಗೆ ಕೃಷಿ ಮೇಳವೂ ಉಂಟು. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಅದರ ಬಳಗದ ಜೆಎಸ್‌ಎಸ್ ಕೇಂದ್ರ ಇರುವುದು ಇಲ್ಲೇ. ಮೇಳದ ಒಂದು ಮೂಲೆಯಲ್ಲಿ ಕೃಷಿ ಓದುವ ಹುಡುಗಿಯೊಬ್ಬಳು ಮಣ್ಣಿನ ಪರೀಕ್ಷೆಗೆ ಮಾದರಿ ತೆಗೆಯುವುದನ್ನು ವಿವರಿಸುತ್ತಿದ್ದಳು. ಹೊಲದ ಹತ್ತಾರು ಕಡೆ ಅರ್ಧ ಅಡಿ ಆಳಕ್ಕೆ ಗುಂಡಿ ತೋಡಿ ಮಣ್ಣು ಕೆರೆದು ತರಬೇಕು. ಎಲ್ಲ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೇ. ಮುಂದೆ ನಿಂತಿದ್ದ ರೈತ, “ಬದುವಿನ ಪಕ್ಕದ್ದು ತರ್ಬೋದೇನವ್ವ?” ಎಂದ. “ಬ್ಯಾಡಿ ಅಪ್ಪಾಜಿ, ಮರದ ಬುಡದ್ದೂ ಬ್ಯಾಡ, ತಿಪ್ಪೆ ಹತ್ರದ್ದೂ ಬ್ಯಾಡ” ಎಂದಳು. ಓದಿದ್ದು ಬಾಯಿಪಾಠವಾಗಿರಲಿಲ್ಲ, ಉಗುರಿನ ಸಂದಿಯಲ್ಲೂ ಇತ್ತು.

ಅದೇ ಸುಗ್ಗಿಯಲ್ಲಿ ಇನ್ನೊಂದು ದಿನ ಟಿ. ನರಸೀಪುರದ ದಾರಿ ಹಿಡಿದೆ. ಕಾವೇರಿ, ಕಪಿಲೆ ಕೂಡುವ ಸಂಗಮ ನೋಡಿಕೊಂಡು, ತಲಕಾಡಿನ ಕಡೆ ಹೋದರೆ ಮುಡುಕುತೊರೆ. ಗುಡ್ಡದ ಮೇಲೆ ಮಲ್ಲಿಕಾರ್ಜುನ, ಕೆಳಗೆ ದನಗಳ ಜಾತ್ರೆ. ಬೂದು ಮೈಯ ಹಳ್ಳಿಕಾರ್ ಜೋಡಿಗಳು ಹಿಂದಕ್ಕೆ ಬಾಗಿದ ಉದ್ದ ಕೊಂಬು ಎತ್ತಿ ನಿಂತಿದ್ದವು. ಒಂದು ಕಡೆ ಎತ್ತನ್ನು ಕೆಡವಿ ಲಾಳ ಹೊಡೆಯುತ್ತಿದ್ದರು. ಕುದುರೆಗೆ ಗೊರಸಿಗೊಂದೇ ಲಾಳ. ಎತ್ತಿನ ಗೊರಸು ಸೀಳು, ಹಾಗಾಗಿ ಎರಡೆರಡು ಬಿಲ್ಲೆ.

ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣವೆಂದು ಹಿಂದಿನಿಂದ ಹೋದೆ. “ಹಿಂದ್ಲಿಂದ ಬರ್ಬ್ಯಾಡಿ ಸಾ, ಒದ್ದಾತು!” ಎಂದು ಕೂಗಿದವನು ಹನ್ನೆರಡರ ಪೋರ. ಪಕ್ಕದಿಂದ ಬರಬೇಕಂತೆ, ಮೊದಲು ದನಿ ಕೊಡಬೇಕಂತೆ. ಬೆಂಗಳೂರಿನ ಹೆಬ್ಬಾಳದಲ್ಲಿ ಎನ್‌ಸಿಸಿಯ ಕುದುರೆ ದಳವೊಂದಿದೆ. ಅಲ್ಲಾದರೂ ಸವಾರಿ ಕಲಿಯುವವರಿಗೆ ಮೊದಲ ಪಾಠ ಇದೇ ತಾನೆ? ಹುಡುಗ ಎತ್ತಿನ ಮೂಗುದಾರ ಹಿಡಿದು ಕೆಳದುಟಿ ಸರಿಸಿದ. “ನಾಲ್ಕಲ್ಲು ಕಣ್ ಸಾ.” ದನಕ್ಕೆ ಮುಂದಿನ ಹಲ್ಲಿರುವುದು ಕೆಳದವಡೆಯಲ್ಲಿ ಮಾತ್ರ. ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ಹೊಸವು ಬರುತ್ತವೆ. ನಾಲ್ಕೆಂದರೆ ಸುಮಾರು ಮೂರು ವರ್ಷದ ಪ್ರಾಯ. ಎಂಟೂ ಬಂದರೆ ಬಾಯಿಗೂಡಿತು. ಆಮೇಲೆ ಬೆನ್ನಿನ ಸುಳಿ ತೋರಿಸಿ ಅದರ ಶುಭಾಶುಭ ಹೇಳಿದ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಆದರೆ ಕೊಳ್ಳುವವನಿಗೆ ಇರುತ್ತದಲ್ಲ. ಅದನ್ನೂ ಅವನು ಬಲ್ಲ. “ಇಸ್ಕೂಲಿಲ್ವೇನೋ?” ಎಂದೆ. “ನಾಳೆ ಹೋಯ್ತಿನಿ ಸಾ, ಇವತ್ತು ತಾತನ್ ಜತೆ” ಎಂದ.

ಅಷ್ಟರಲ್ಲಿ ಗಿರಾಕಿ ಬಂದ. ತಾತ ಹೆಗಲ ಟವೆಲ್ ಇಳಿಸಿ ಕೈ ಮುಚ್ಚಿದ. ಬೆರಳು ಹಿಡಿದೇ ವ್ಯಾಪಾರ, ಬಾಯಲ್ಲಿ ಬೆಲೆಯಿಲ್ಲ. ಒಂದು ಗಳಿಗೆಯಾದ ಮೇಲೆ ತಾತ ಕೈ ಹೊರಕ್ಕೆ ತೆಗೆದು ಮೊಮ್ಮಗನತ್ತ ನೋಡಿದ. “ನೀ ಹಾಕ್ಲಾ ಕೈಯ.” ಹುಡುಗ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಟವೆಲ್ಲಿನ ಕೆಳಗೆ ತೂರಿಸಿದ. ಗಿರಾಕಿಯ ಹುಬ್ಬು ಮೇಲೇರಿತು. ಎಷ್ಟು ಕೇಳಿದನೋ, ನನಗೆ ಕಾಣಲಿಲ್ಲ. ತಾತ ಮಾತ್ರ ಗುಡ್ಡದ ಕಡೆ ಮುಖ ತಿರುಗಿಸಿ ನಗುತ್ತಿದ್ದ.