ದಾರಿಯ ಋಣ

ಕೊಡುವವನ ಗುಣವನ್ನು ಕುರಿತು ಹಿರಿಯರು ಬಹಳ ಹೇಳಿದ್ದಾರೆ. ಕೇಳುವವನ ಕರ್ತವ್ಯವನ್ನು ಕುರಿತು ವಿಚಾರ ನಡೆದುದು ಕಡಿಮೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಿಂದ, ಅಪರಿಚಿತರ ವಾಹನಗಳಲ್ಲಿ ಸ್ಥಳ ಬೇಡಿ ದೂರದೂರುಗಳಿಗೆ ಹೊರಡುವ ಪ್ರಯಾಣಿಕನ ಸಂಗತಿ ಈ ವಿಚಾರಕ್ಕೊಂದು ನಿದರ್ಶನ. ಹೆಬ್ಬೆರಳೆತ್ತಿ ಹೀಗೆ ಬೇಡುವುದಕ್ಕೆ ಅಲ್ಲಿಯ ಸ್ಪ್ಯಾನಿಷ್ ನುಡಿಯಲ್ಲಿ ‘ಅಸೇರ್ ದೇದೊ’, ಅಂದರೆ ‘ಬೆರಳು ಮಾಡುವುದು’ ಎನ್ನುತ್ತಾರೆ.

ಉಪನಗರಗಳೂ ಸೇರಿ ಒಂದು ಕೋಟಿಗೂ ಮೀರಿದ ಜನರಿರುವ ಆ ನಗರದೊಳಗೆ ನಿಂತು ಕೈಯೆತ್ತಿದರೆ ಫಲ ಕಡಿಮೆ. ಅಲ್ಲಿಯ ವಾಹನಗಳಲ್ಲಿ ಹೆಚ್ಚಿನವು ಹತ್ತಿರದ ಕೆಲಸಗಳಿಗೆ ಓಡುವಂಥವು. ರಾಜಧಾನಿಯ ಎಲ್ಲೆಯಾದ ಜನರಲ್ ಪಾಸ್ ರಸ್ತೆಯನ್ನು ದಾಟಿದರೂ ಊರು ಮುಗಿಯುವುದಿಲ್ಲ. ಆದುದರಿಂದ ಬಲ್ಲವರು ಮೊದಲು ಹಣ ತೆತ್ತು ರೈಲಿನಲ್ಲೋ ಬಸ್ಸಿನಲ್ಲೋ ಹೊರವಲಯವನ್ನು ಸೇರುತ್ತಾರೆ: ಪಶ್ಚಿಮಕ್ಕೆ ಹೊರಟವರು ಸುಮಾರು 70 ಕಿ.ಮೀ. ದೂರದ ಲುಹಾನ್‌ಗೆ, ದಕ್ಷಿಣಕ್ಕೆ ಹೊರಟವರು ಕಾನ್ಯುವೇಲಾಸ್‌ಗೆ. ಮೊದಲನೆಯ ಕಡೆಯಿಂದ 7ನೆಯ ಹೆದ್ದಾರಿ ಮೆಂಡೋಜಾ ಹಾಗೂ ಆಂಡೀಸ್ ಪರ್ವತಗಳತ್ತ ಸಾಗುತ್ತದೆ. ಎರಡನೆಯ ಊರನ್ನು ಹಾಯುವ 3ನೆಯ ಹೆದ್ದಾರಿ, ನಡುವೆ ಚಿಲಿಯ ನೆಲವನ್ನು ದಾಟಿ, ಉಷುವಾಯಾವರೆಗೆ 3,000 ಕಿ.ಮೀ.ಗೂ ಮಿಗಿಲಾದ ದಾರಿ. ತನ್ನಿಂದಾಗುವುದನ್ನು ತಾನೇ ಮಾಡಿ, ಉಳಿದುದಕ್ಕೆ ಮಾತ್ರ ಪರರನ್ನು ಕೇಳುವುದು ಮೊದಲ ನಿಯಮ.

ಲಾರಿಗಳು ತಂಗುವ ಪೆಟ್ರೋಲ್ ಬಂಕಿನಲ್ಲಿ ಪರಸ್ಪರ ಮುಖ ನೋಡಿ ಮಾತನಾಡಲು ಅವಕಾಶವುಂಟು. ಅಪರಿಚಿತನನ್ನು ಹತ್ತಿಸಿಕೊಳ್ಳುವ ಚಾಲಕನಿಗೂ ಅಪಾಯವಿದೆ. ಅವನಿಗೆ ಮಾಲೀಕನ ನಿಷೇಧವೂ ಇರಬಹುದು. ‘ಇಲ್ಲ’ ಎಂದವನು ನಿರ್ದಯಿಯಲ್ಲ. ಅವನ ಮೇಲೆ ಮುನಿಯಲು ಕೇಳುವವನಿಗೆ ಅಧಿಕಾರವಿಲ್ಲ. ಸುಳ್ಳು ಕಷ್ಟ ಹೇಳಿ ಕರುಣೆ ಪಡೆದವನು, ತನ್ನ ಹಿಂದೆ ಬರುವ ನಿಜವಾದ ಕಷ್ಟದವನ ಪಾಲನ್ನು ಕದ್ದಂತೆ. ಅಂತೆಯೇ ಮನಸ್ಸಿಗೆ ಅಳುಕು ತೋರಿದ ವಾಹನವನ್ನು ಬಿಡುವ ಹಕ್ಕು ಪ್ರಯಾಣಿಕನಿಗೂ ಇದೆ. ಒಂಟಿಯಾಗಿ ನಿಂತ ಹೆಣ್ಣುಮಗಳಿಗಂತೂ ಈ ಎಚ್ಚರವು ಸೌಜನ್ಯಕ್ಕಿಂತ ಮೇಲು. ನಂಬಿಕೆಯೆಂದರೆ ವಿವೇಕವನ್ನು ಬಿಟ್ಟುಕೊಡುವುದಲ್ಲ.

ಲಾರಿ ಹತ್ತಿದ ಮೇಲೆ ಸಲ್ಲಿಸಬೇಕಾದ ಸೇವೆಯೂ ಇದೆ. ‘ಮಾತೆ’ ಎಂಬ ಎಲೆಯ ಕಷಾಯವನ್ನು ಒಂದೇ ಬುರುಡೆಯಿಂದ, ಒಂದೇ ಕೊಳವೆಯಲ್ಲಿ ಸರದಿಯಂತೆ ಹೀರುವುದು ಆ ನಾಡಿನ ರೂಢಿ. ಸ್ಟಿಯರಿಂಗ್ ಹಿಡಿದವನಿಗೆ ಬಿಸಿನೀರು ಎರೆದು ಕೊಡುವ ಕೆಲಸ ಬಹುಮಟ್ಟಿಗೆ ಜೊತೆಯಲ್ಲಿ ಕುಳಿತವನದು. ಇಲ್ಲೊಂದು ಸೂಕ್ಷ್ಮವಿದೆ: ಬುರುಡೆಯನ್ನು ಹಿಂದಿರುಗಿಸುತ್ತ ‘ಧನ್ಯವಾದ’ ಎಂದರೆ ‘ಇನ್ನು ಸಾಕು’ ಎಂದರ್ಥ. ಹಂಚಿಕೆ ನಡೆದಿರುವಷ್ಟು ಹೊತ್ತು ಕೃತಜ್ಞತೆಯು ಮಾತಿನಲ್ಲಿಲ್ಲ, ಜೊತೆಗೂಡಿ ಕುಡಿಯುವುದರಲ್ಲಿದೆ.

ಆ ಹೆದ್ದಾರಿಗಳ ಬದಿಯಲ್ಲಿ ಅಲ್ಲಲ್ಲಿ ನೀರಿನ ಬಾಟಲಿಗಳ ರಾಶಿಗಳು ಕಾಣುತ್ತವೆ. ಅವು ‘ದಿಫುಂತಾ ಕೊರ್ರೆಯಾ’ ಎಂಬಾಕೆಯ ಗುಡಿಗಳು. 19ನೆಯ ಶತಮಾನದ ಅಂತರ್ಯುದ್ಧದಲ್ಲಿ ಸೈನಿಕರು ಎಳೆದೊಯ್ದ ಗಂಡನನ್ನರಸುತ್ತ ಕೂಸಿನೊಡನೆ ಹೊರಟ ಆಕೆ ಸಾನ್ ಹುವಾನ್ ಪ್ರಾಂತದ ಮರುಭೂಮಿಯಲ್ಲಿ ಬಾಯಾರಿ ಪ್ರಾಣಬಿಟ್ಟಳೆಂದೂ, ಎದೆಹಾಲು ಕುಡಿಯುತ್ತ ಬದುಕುಳಿದಿದ್ದ ಕೂಸನ್ನು ದಾರಿಹೋಕರು ಕಂಡರೆಂದೂ ಜನರ ನಂಬಿಕೆ. ಚರ್ಚು ಆಕೆಯನ್ನು ಸಂತಳೆಂದು ಮನ್ನಿಸಿಲ್ಲ. ಲಾರಿ ಚಾಲಕರು ಮಾತ್ರ ನೀರಿಡುವುದನ್ನು ಬಿಟ್ಟಿಲ್ಲ.

ಬಾಯಾರಿ ಸತ್ತವಳಿಗೆ ಆ ನೀರು ಮುಟ್ಟದು. ಹಾಗೆಯೇ, ನೂರಾರು ಮೈಲಿ ಕರೆದೊಯ್ದು ಕವಲುದಾರಿಯಲ್ಲಿ ಇಳಿಸಿಹೋದ ಚಾಲಕನಿಗೂ ಪ್ರಯಾಣಿಕನು ಋಣವನ್ನು ಮರಳಿಸಲಾರ. ಅವನ ಹೆಸರೂ ನೆನಪಿನಲ್ಲಿ ಉಳಿಯದಿರಬಹುದು. ಆ ಋಣ ಸಲ್ಲಬೇಕಾದುದು ಮುಂದೆ ದಾರಿಯಲ್ಲಿ ನಿಂತಿರುವ ಮತ್ತೊಬ್ಬನಿಗೆ. ತಾನು ಪಡೆದುದನ್ನು ತನ್ನಲ್ಲಿಯೇ ನಿಲ್ಲಿಸಿಕೊಂಡವನು ಊರು ಸೇರಿದರೂ ಸಾಲಗಾರನೇ.