ಎಲ್ಲಿ ಇಳಿಯುತ್ತೀರಿ?

ಶಹಾಡ್ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಒಂದು ಜಿಮ್ ಇದೆ. ಮಧ್ಯಾಹ್ನ 2ರಿಂದ 4ರವರೆಗೆ ಅದು ಹೆಂಗಸರಿಗೆ ಮೀಸಲು. ಹೋದ ವರ್ಷ ದಸರೆ ಕಳೆದ ಮೇಲೆ ಒಂದು ಸೋಮವಾರ ನಾನು ಆ ಮೆಟ್ಟಿಲುಗಳನ್ನು ಮೊದಲ ಬಾರಿಗೆ ಹತ್ತಿದೆ. ವಯಸ್ಸು 57. ಮಗಳ ಹಳೆಯ ಟ್ರ್ಯಾಕ್ ಪ್ಯಾಂಟು, ಅದರ ಮೇಲೆ ಮೊಣಕಾಲು ಮುಟ್ಟುವ ಕುರ್ತಾ, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ. ಗಾಜಿನ ಬಾಗಿಲು ತಳ್ಳಿದಾಗ ಒಳಗಿದ್ದ ಏಳೆಂಟು ಮಂದಿ ತಿರುಗಿ ನೋಡಿದರು. ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, ಮತ್ತೆ ತಮ್ಮ ತಮ್ಮ ಯಂತ್ರಗಳತ್ತ ತಿರುಗಿದರು. ಯಾರೂ ನಗಲಿಲ್ಲ.

ನಾನು ಅಲ್ಲಿಗೆ ಹೋದದ್ದು ಹುಮ್ಮಸ್ಸಿನಿಂದಲ್ಲ. ಮೂಳೆಗಳ ಸಾಂದ್ರತೆ ಕುಗ್ಗಿದೆ, ಬರಿಯ ನಡಿಗೆ ಸಾಲದು, ಭಾರ ಎತ್ತಬೇಕು ಎಂದು ವೈದ್ಯರು ಹೇಳಿದ್ದರು. ಮುಟ್ಟು ನಿಂತ ಬಳಿಕ ಹೆಣ್ಣಿನ ಮೂಳೆ ಬೇಗನೆ ತೆಳುವಾಗುತ್ತದೆ. ಸ್ನಾಯುಗಳು ಎಳೆದಾಗಲೇ ಮೂಳೆಗೆ ಗಟ್ಟಿಯಾಗಿರುವ ಕಾರಣ ಸಿಗುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಆದರೆ ನನ್ನನ್ನು ಮೆಟ್ಟಿಲು ಹತ್ತಿಸಿದ್ದು ಆ ಮಾತುಗಳಲ್ಲ. ಊರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಮತ್ತೆ ತನ್ನಷ್ಟಕ್ಕೆ ಎದ್ದು ನಿಲ್ಲಲಿಲ್ಲ. ಕೊನೆಯ ಎರಡು ವರ್ಷ ಅವಳನ್ನು ಇಬ್ಬರು ಹಿಡಿದು ಏಳಿಸಬೇಕಾಗುತ್ತಿತ್ತು. ಆ ಭಯವೇ ನನ್ನ ಬೆನ್ನಿಗಿತ್ತು.

ಆದರೂ ನಾಲ್ಕನೆಯ ದಿನ ನಾನು ಬಿಟ್ಟುಬಿಡುವುದರಲ್ಲಿದ್ದೆ. ಕಿಟಕಿಯ ಬಳಿಯ ಬೆಂಚಿನಲ್ಲಿ ಕುಳಿತು ಪುಟ್ಟ ಡಂಬೆಲ್ ಎತ್ತುತ್ತಿದ್ದಾಗ ಮೂವರು ಗೆಳತಿಯರು ಎದುರು ನಿಂತು ಬಿಗಿದ ಮುಖದಿಂದ ನೋಡುತ್ತಲೇ ಇದ್ದರು. ಒಬ್ಬಳು ಮರಾಠಿಯಲ್ಲಿ ‘ಈ ವಯಸ್ಸಿನಲ್ಲಿ’ ಎಂದದ್ದು ಕೇಳಿಸಿತು. ಮುಂದಿನದು ಹಾಡಿನ ಗದ್ದಲದಲ್ಲಿ ಮುಳುಗಿತು. ಮನೆಗೆ ಬಂದು ಚಹಾ ಕುಡಿಯದೆ ಕುಳಿತೆ.

ಮೂವತ್ತು ವರ್ಷ ಈ ಮಹಾನಗರದಲ್ಲಿ ದುಡಿದ ನನಗೆ ನೋಟಗಳು ಹೊಸತಲ್ಲ. ಗಂಡಸಿನ ಕೆಟ್ಟ ನೋಟಕ್ಕೆ ನಮ್ಮಲ್ಲಿ ಮದ್ದು ಇದೆ: ಚೀಲವನ್ನು ಎದೆಗವಚಿಕೊಳ್ಳುವುದು, ತಿರುಗಿ ದುರುಗುಟ್ಟುವುದು, ಬೇಕಾದರೆ ಕೂಗುವುದು. ಅವನ ತಪ್ಪು ಅವನದೇ ಎಂಬ ಧೈರ್ಯವೂ ಇದೆ. ಹೆಣ್ಣಿನ ನೋಟಕ್ಕೆ ಅಂಥ ಗುರಾಣಿ ಇಲ್ಲ. ಅದು ದಾಳಿಯಂತಲ್ಲ, ತೀರ್ಪಿನಂತೆ ಬಂದು ಬೀಳುತ್ತದೆ. ಅವಳಿಗೆ ನನ್ನ ಮೈ ಗೊತ್ತು, ಅದರ ಸೋಲು ಗೊತ್ತು, ಆದ್ದರಿಂದ ಅವಳ ತೀರ್ಪು ನಿಜವಿರಬೇಕು ಎಂದು ನಾವೇ ಒಳಗಿನಿಂದ ಸಹಿ ಹಾಕಿಕೊಡುತ್ತೇವೆ.

ಆ ರಾತ್ರಿ ನೆನಪಾದದ್ದು ಲೋಕಲ್ ಗಾಡಿಯ ಹೆಂಗಸರ ಡಬ್ಬಿ. ಬೆಳಗಿನ ಗಾಡಿ ಟಿಟ್ವಾಳಾ, ಅಂಬಿವಲಿ ದಾಟಿ ಶಹಾಡಿಗೆ ಬರುವಷ್ಟರಲ್ಲಿ ಸೀಟುಗಳು ಮುಗಿದಿರುತ್ತಿದ್ದವು. ಹೊಸದಾಗಿ ಮದುವೆಯಾಗಿ ತುಳುನಾಡಿನಿಂದ ಬಂದ ನಾನು ಮೊದಲ ದಿನ ಆ ಡಬ್ಬಿಯ ಬಾಗಿಲಲ್ಲಿ ಕಂಡದ್ದೂ ಇದೇ ಬಿಗಿದ ಮುಖಗಳನ್ನು. 1992ರಲ್ಲಿ ಮುಂಬಯಿಯಲ್ಲಿ ಇಡೀ ಗಾಡಿಯನ್ನೇ ಹೆಂಗಸರಿಗೆ ಮೀಸಲಿಟ್ಟ ಲೇಡೀಸ್ ಸ್ಪೆಷಲ್ ಆರಂಭವಾಯಿತು. ಅದರಲ್ಲೂ ಜಾಗಕ್ಕೆ ಜಗಳ ತಪ್ಪಲಿಲ್ಲ. ಆದರೆ ಡಬ್ಬಿಗೆ ಒಂದು ವ್ಯಾಕರಣವಿತ್ತು. ಹತ್ತಿದ ಕೂಡಲೇ ಕುಳಿತವಳನ್ನು ‘ಕುಠೇ ಉತರಣಾರ್?’ – ಎಲ್ಲಿ ಇಳಿಯುತ್ತೀರಿ – ಎಂದು ಕೇಳಬೇಕು. ಅವಳು ‘ಠಾಣೆ’ ಎಂದರೆ ಆ ಸೀಟು ಠಾಣೆಯಿಂದ ನಿಮ್ಮದು. ಬೇರೊಬ್ಬಳು ಮೊದಲೇ ಕೇಳಿದ್ದರೆ ಅವಳದು. ಮೂವರ ಬೆಂಚಿನಲ್ಲಿ ನಾಲ್ಕನೆಯವಳು ಅಂಚಿನಲ್ಲಿ ಕುಳಿತುಕೊಳ್ಳುವ ಹಕ್ಕೂ ಇತ್ತು. ಆ ಪ್ರಶ್ನೆ ಕೇಳಿದ ಕ್ಷಣ ಬಿಗಿದ ಮುಖ ಸಡಿಲವಾಗುತ್ತಿತ್ತು. ಕ್ರಮೇಣ ಅದೇ ಮುಖಗಳ ಜೊತೆ ಬಟಾಣಿ ಬಿಡಿಸಿದ್ದೇನೆ, ಅರಸಿನ-ಕುಂಕುಮ ಪಡೆದಿದ್ದೇನೆ, ಅಮ್ಮ ತೀರಿಕೊಂಡ ವಾರ ಅವರ ಹೆಗಲಿನ ಮೇಲೆ ಅತ್ತಿದ್ದೇನೆ.

ಹೆಂಗಸರ ಜಿಮ್ಮಿಗೆ ಆ ವ್ಯಾಕರಣ ಇನ್ನೂ ಹುಟ್ಟಿಲ್ಲ. ಗಂಡಸರಿಗೆ ಗರಡಿಮನೆಯ ಪರಂಪರೆಯಿತ್ತು: ಮಣ್ಣಿಗೆ, ಹನುಮನಿಗೆ ನಮಸ್ಕರಿಸಿ ಒಳಗೆ ಕಾಲಿಡುವುದು, ಉಸ್ತಾದರ ಮಾತಿಗೆ ತಲೆಬಾಗುವುದು, ಹಿರಿಯರು ಕಿರಿಯರಿಗೆ ಪಟ್ಟು ಕಲಿಸುವುದು. ಆ ಹೊಸ್ತಿಲನ್ನು ಹೆಣ್ಣು ದಾಟುವಂತಿರಲಿಲ್ಲ. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಭಾರ ಎತ್ತುವ ಅವಕಾಶ ಸಿಕ್ಕಿದ್ದೇ 2000ದ ಸಿಡ್ನಿಯಲ್ಲಿ. ಆ ಸಲವೇ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದರು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅಂದರೆ ಭಾರ ಎತ್ತುವ ಕೋಣೆಯಲ್ಲಿ ನಾವೆಲ್ಲ ಹೊಸಬರೇ. ಯಾರು ಯಾರಿಗೆ ಏನೆನ್ನಬೇಕೆಂದು ಹೇಳಿಕೊಟ್ಟ ಹಿರಿಯಳಿಲ್ಲ. ಇರುವುದು ಎರಡು ಗಂಟೆ, ಮೂರು ಬೆಂಚು, ಗೋಡೆಯುದ್ದಕ್ಕೂ ಕನ್ನಡಿ.

ಆ ಕನ್ನಡಿಯೇ ನನಗೆ ಬುದ್ಧಿ ಕಲಿಸಿತು. ಮರುವಾರ ಮತ್ತೆ ಹೋದೆ. ಮೂರು ತಿಂಗಳ ಹಣ ಕಟ್ಟಿದ್ದೆ ಎಂಬುದೂ ಒಂದು ಕಾರಣ. ಏದುಸಿರು ಬಿಡುತ್ತಾ, ಗ್ಯಾಸಿನವನು ಬಂದು ಹೋದನೋ ಏನೋ ಎಂದು ಯೋಚಿಸುತ್ತಾ ನಿಂತಿದ್ದೆ. ಎದುರಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತಟ್ಟನೆ ತನ್ನ ಗಿಡ್ಡ ಅಂಗಿಯನ್ನು ಸೊಂಟದ ಕೆಳಗೆ ಎಳೆದುಕೊಂಡಳು. ಏಕೆಂದು ತಿಳಿಯದೆ ತಲೆಯೆತ್ತಿದೆ. ಕನ್ನಡಿಯಲ್ಲಿ ಒಬ್ಬ ಹೆಂಗಸು ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಆ ಹುಡುಗಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅದು ನಾನು.

ನನ್ನ ಮನಸ್ಸಿನಲ್ಲಿ ಅವಳು ಇರಲೇ ಇಲ್ಲ ಎಂದರೆ ಪೂರ್ತಿ ಸತ್ಯವಾಗದು. ಗ್ಯಾಸಿನವನ ಯೋಚನೆಯ ಅಡಿಯಲ್ಲಿ ‘ಇದೇನು ಬಟ್ಟೆ’ ಎಂಬ ಸಣ್ಣ ಗೊಣಗಾಟವೂ ಇತ್ತು. ಅದರ ಇನ್ನೂ ಅಡಿಯಲ್ಲಿ, ಆ ವಯಸ್ಸಿನಲ್ಲಿ ನನಗೆ ಇಂಥ ಎರಡು ಗಂಟೆ ಯಾರೂ ಕೊಡಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚೂ ಇತ್ತು. ಒಂದು ನೋಟದಲ್ಲಿ ಆಯಾಸ ಎಷ್ಟು, ತೀರ್ಪು ಎಷ್ಟು, ನೋವು ಎಷ್ಟು ಎಂದು ನೋಡಿದವಳಿಗೇ ತಿಳಿಯದಿದ್ದರೆ, ನೋಡಿಸಿಕೊಂಡವಳಿಗೆ ಹೇಗೆ ತಿಳಿದೀತು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮುಜುಗರ ತರುವ ಚಿತ್ರದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನರಿದ್ದ ಕೋಣೆಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಮಂದಿ ಗಮನಿಸಿರುತ್ತಾರೆಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗಮನಿಸಿದವರು ಸುಮಾರು ಕಾಲುಭಾಗ. ಈ ಲೆಕ್ಕ ನನಗೆ ಸಮಾಧಾನ ತಂದಿತು. ಆದರೆ ಆ ಕಾಲುಭಾಗವೂ ಸುಳ್ಳಲ್ಲವಲ್ಲ! ಎಲ್ಲವೂ ನಿನ್ನ ಭ್ರಮೆ ಎಂದು ನೊಂದವಳಿಗೆ ಹೇಳುವುದು ಇನ್ನೊಂದು ಬಗೆಯ ಕ್ರೌರ್ಯವಾದೀತು.

ಮರುದಿನ ಕಿಟಕಿಯ ಬೆಂಚಿನ ಬಳಿ ಆ ಮೂವರು ಗೆಳತಿಯರಿದ್ದರು. ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತಿರ ಹೋಗಿ ಡಬ್ಬಿಯ ದನಿಯಲ್ಲೇ ಕೇಳಿದೆ: ‘ಕಿತಿ ಸೆಟ್ ರಾಹಿಲೇ?’ ಇನ್ನೆಷ್ಟು ಸೆಟ್ ಉಳಿದಿವೆ? ಒಬ್ಬಳು ಕಣ್ಣರಳಿಸಿ, ‘ಎರಡು ಕಾಕೂ, ಆಮೇಲೆ ನೀವು ಕುಳಿತುಕೊಳ್ಳಿ’ ಎಂದಳು. ಆಗ ತಿಳಿಯಿತು, ಆ ಮೊದಲ ವಾರ ನಾನು ಅವರ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಅಲುಗದೆ ಕುಳಿತಿರುತ್ತಿದ್ದೆ. ಅವರು ನಾನು ‘ಇಳಿಯುವುದನ್ನು’ ಕಾಯುತ್ತಿದ್ದರು. ‘ಈ ವಯಸ್ಸಿನಲ್ಲಿ’ ಎಂಬ ಮಾತು ಹೇಗೆ ಮುಗಿದಿತ್ತೆಂದು ನಾನು ಕೇಳಲಿಲ್ಲ. ಕೇಳದೆಯೂ ಬದುಕಬಹುದು.

ಗಿಡ್ಡ ಅಂಗಿಯ ಹುಡುಗಿಗೆ ಒಂದು ನಗು ಕೊಟ್ಟೆ. ಎರಡು ವಾರ ಬೇಕಾಯಿತು ಅವಳು ತಿರುಗಿ ನಗಲು. ಅಷ್ಟು ಸಾಲ ನನ್ನ ಮೇಲಿತ್ತು.

ಎಲ್ಲರೂ ಗೆಳತಿಯರಾದರು ಎಂದು ಮುಗಿಸಿದರೆ ಅದು ಕಥೆಯಾದೀತು. ಟ್ರೆಡ್‌ಮಿಲ್ಲಿನ ಮೇಲೆ ನಡೆಯುವ ಒಬ್ಬರು ಇಂದಿಗೂ ನನ್ನನ್ನು ಅದೇ ತಣ್ಣನೆಯ ಕಣ್ಣಿನಿಂದ ನೋಡುತ್ತಾರೆ. ಮೂರು ಸಲ ಮಾತನಾಡಿಸಿದೆ; ಮೂರು ಸಲವೂ ಅವರು ಕಿವಿಯ ಇಯರ್‌ಫೋನ್ ತೆಗೆಯಲಿಲ್ಲ. ಅವರ ನೋಟದ ಅರ್ಥ ಅವರ ಬಳಿಯೇ ಇರಲಿ. ಅದನ್ನು ಬಿಡಿಸುವ ಕೆಲಸ ನನ್ನದಲ್ಲ ಎಂದು ನನ್ನ ಸಹಿಯನ್ನು ಹಿಂತೆಗೆದುಕೊಂಡಿದ್ದೇನೆ.

ನಿನ್ನೆ ಜಿಮ್ಮಿನ ಚಾಪೆಯ ಮೇಲಿಂದ ಏಳುವಾಗ ತರಬೇತಿ ಕೊಡುವ ಹುಡುಗಿ ಎಂದಿನಂತೆ ಕೈ ಚಾಚಿದಳು. ಬೇಡವೆಂದೆ. ಒಂದು ಮೊಣಕಾಲೂರಿ, ನೆಲಕ್ಕೆ ಅಂಗೈ ಒತ್ತಿ, ಗೋಡೆ ಹಿಡಿಯದೆ ಎದ್ದು ನಿಂತೆ. ಯಾರಾದರೂ ನೋಡಿದರೋ ಇಲ್ಲವೋ, ನಾನು ಗಮನಿಸಲಿಲ್ಲ.