ಗೋಮಾಳದಲ್ಲೊಂದು ಚಿನ್ನಿದಾಂಡು

ರೈಲು ಬೀರೂರು ಬಿಟ್ಟು ಅಜ್ಜಂಪುರದ ಹಾದಿ ಹಿಡಿಯಿತೆಂದರೆ ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ದಾಂಡು ಹಿಡಿದ ಕೈಯ ನೆನಪು ಅದು. ಬೇಸಿಗೆ ರಜೆಗೆ ಸೋದರಮಾವನ ಊರಿಗೆ ಬರುವುದು ನಮ್ಮ ಮನೆಯ ರೂಢಿ. ಉಳಿದವರಿಗೆ ಮಾವಿನಕಾಯಿ, ಅಮೃತಾಪುರದ ದೇವಸ್ಥಾನ. ನನಗೆ ಮಾತ್ರ ಊರಾಚೆಯ ಗೋಮಾಳ, ಅಲ್ಲಿ ಸಂಜೆ ಹೊತ್ತಿಗೆ ಕಳೆಗಟ್ಟುವ ಚಿನ್ನಿದಾಂಡು.

ಪಡುವಣಕ್ಕೆ ಬಾಬಾಬುಡನ್‌ಗಿರಿ ಸಾಲು ನೀಲಿಯಾಗಿ ಮಲಗಿರುತ್ತದೆ. ಮಳೆ ಗಿರಿಯ ಆಚೆಗೇ ಹೆಚ್ಚು ಸುರಿದುಬಿಡುವುದರಿಂದ ಕಡೂರು, ಅಜ್ಜಂಪುರದ ಬಯಲಿಗೆ ಉಳಿಯುವುದು ಸ್ವಲ್ಪ. ಆ ಸ್ವಲ್ಪದಲ್ಲೇ ಇಲ್ಲಿ ಹುಲ್ಲು ಬೆಳೆದಿದೆ, ಹುಲ್ಲಿನಿಂದ ದನ ಬೆಳೆದಿವೆ. ಮೈಸೂರು ಒಡೆಯರ ಬೆಣ್ಣೆ ಚಾವಡಿ ಎಂಬ ಇಲಾಖೆಯ ದನಗಳನ್ನು ಹೈದರಾಲಿ ದಂಡಿನ ಸಾಮಾನು ಎಳೆಯಲು ಬಳಸಿದ. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ತಳಿಯನ್ನು ಉಳಿಸುವ ಕೇಂದ್ರ ಅಜ್ಜಂಪುರದಲ್ಲಿ ಈಗಲೂ ಇದೆ. ಆ ದನಗಳ ಹುಲ್ಲುಗಾವಲಾದ ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಅದು ಮೃಗಗಳ ಜಾಗ, ಅಲ್ಲಿ ನಮಗೆ ಆಟವಿಲ್ಲ. ನಮ್ಮ ಆಟವೆಲ್ಲ ಊರ ದನ ಮೇಯುವ ಗೋಮಾಳದಲ್ಲಿ.

ಆಟದ ಸುಖ ಶುರುವಾಗುವುದು ಮಚ್ಚಿನಿಂದ. ಹಸಿ ಜಾಲಿಯ ಕೊಂಬೆಯಲ್ಲಿ ಗಂಟಿಲ್ಲದ ಕಡೆ ಒಂದು ಮೊಳದಷ್ಟು ಕಡಿದರೆ ದಾಂಡು. ಉಳಿದ ತುಂಡಿನಲ್ಲಿ ನಾಲ್ಕು ಬೆರಳುದ್ದ ಚಿನ್ನಿ. ಚಿನ್ನಿಯ ಎರಡೂ ತುದಿಯನ್ನು ಪೆನ್ಸಿಲಿನ ಹಾಗೆ ಹೆರೆಯಬೇಕು, ಆದರೆ ತೀರ ಚೂಪು ಮಾಡಬಾರದು. ಚೂಪಾದರೆ ಎರಡೇ ಏಟಿಗೆ ಸೀಳುತ್ತದೆ, ಯಾರ ಕಣ್ಣಿಗಾದರೂ ಬಡಿಯುವ ಭಯ ಬೇರೆ. ಒಂದು ಕಡೆ ಭಾರವಾದರೆ ಗಾಳಿಯಲ್ಲಿ ಓಲಾಡುತ್ತದೆ. ಮಾವ ಅದನ್ನು ತೋರುಬೆರಳ ಮೇಲೆ ಅಡ್ಡ ನಿಲ್ಲಿಸಿ ತೂಕ ನೋಡುತ್ತಾರೆ. ವಾಲದೆ ನಿಂತರೆ ಮಾತ್ರ ನನ್ನ ಕೈಗೆ ಕೊಡುತ್ತಾರೆ.

ನೆಲದಲ್ಲಿ ಗೇಣುದ್ದದ ಗುಳಿ ತೋಡಿ, ಚಿನ್ನಿಯನ್ನು ಅಡ್ಡ ಇಟ್ಟು ಚಿಮ್ಮಿದರೆ ಆಟ ಆರಂಭ. ಎದುರಿನವರು ಹಿಡಿದರೆ ಔಟು. ಹಿಡಿಯದಿದ್ದರೆ ಗುಳಿಯ ಮೇಲಿಟ್ಟ ದಾಂಡಿಗೆ ಗುರಿಯಿಟ್ಟು ಚಿನ್ನಿ ಎಸೆಯುತ್ತಾರೆ. ಅದೂ ತಪ್ಪಿದರೆ ನಿಜವಾದ ಸರದಿ ನಮ್ಮದು. ನೆಲದಲ್ಲಿರುವ ಚಿನ್ನಿಯ ತುದಿಗೆ ದಾಂಡಿನಿಂದ ಹಗುರವಾಗಿ ತಟ್ಟಬೇಕು. ಅದು ಗಿರಗಿರನೆ ಸೊಂಟದೆತ್ತರಕ್ಕೆ ಏರಿ, ಇಳಿಯುವ ಮುನ್ನ ಒಂದು ಗಳಿಗೆ ಗಾಳಿಯಲ್ಲಿ ನಿಂತಂತಾಗುತ್ತದೆ. ಹೊಡೆಯಬೇಕಾದದ್ದು ಆಗಲೇ. "ಕಣ್ಣು ಚಿನ್ನಿ ಮೇಲಿರ್ಲಿ ಕಣೋ, ಕೈ ತಾನೇ ಹೋಗುತ್ತೆ" ಎನ್ನುತ್ತಾರೆ ಮಾವ. ಸರಿಯಾಗಿ ಕೂತ ಏಟಿಗೆ 'ಟಣ್' ಎಂಬ ಸದ್ದು ಬರುತ್ತದೆ, ಅಂಗೈಗೆ ಅದಿರೇ ತಿಳಿಯುವುದಿಲ್ಲ. ಕರಡದ ಮೇಲೆ ಎಲ್ಲೋ ದೂರದಲ್ಲಿ ಚಿನ್ನಿ ಬೀಳುತ್ತದೆ. ಆಮೇಲೆ ದಾಂಡಿನಿಂದ ದಾಂಡಿಗೆ ಅಳೆಯುತ್ತ, ಎಣಿಸುತ್ತ ಹಿಂದಕ್ಕೆ ಬರುವುದು.

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬ ಜೊತೆಗೆ ಬಂದಿದ್ದ. ಬೆಂಗಳೂರಿನಲ್ಲಿ ಗಾಲ್ಫ್ ಆಡುವವನು. ನಾಲ್ಕು ಏಟು ಹೊಡೆದು ಅವನು ಹೇಳಿದ: "ನಮ್ಮಲ್ಲೂ ಹೀಗೇ. ಚೆಂಡು ಬಿದ್ದಲ್ಲಿಂದಲೇ ಹೊಡೀಬೇಕು. ಆದರೆ ಅದು ಅಲ್ಲಾಡದೆ ಕೂತಿರುತ್ತೆ, ಇದು ಹಾರ್ತಾ ಇರುತ್ತೆ!" ಬೇವಿನ ನೆರಳಲ್ಲಿ ಮಜ್ಜಿಗೆ ಕುಡಿಯುತ್ತ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಕತೆಯನ್ನೂ ಹೇಳಿದ. ಕಡಲಂಚಿನ ಹುಲ್ಲುಬಯಲಿನಲ್ಲಿ ಊರವರು ಗಾಲ್ಫ್ ಆಡಬಹುದೆಂದು 1552ರ ಪತ್ರವೊಂದು ಹೇಳುತ್ತದಂತೆ. ಲೋಕಕ್ಕೆಲ್ಲ ಹೆಸರಾದ ಓಲ್ಡ್ ಕೋರ್ಸ್ ಇರುವುದು ಅಲ್ಲೇ, ಅದು ಇಂದಿಗೂ ಸಾರ್ವಜನಿಕರದ್ದೇ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಊರವರು ಅದರ ಮೇಲೆ ಅಡ್ಡಾಡುತ್ತಾರೆ.

ಮಾವ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಅದೂ ಒಂದು ಗೋಮಾಳವೇ ಬಿಡಪ್ಪ" ಎಂದರು.

ಆ ಮಾತು ನನ್ನಲ್ಲಿ ಉಳಿದಿದೆ. ಜಾಲಿಯ ಕೊಂಬೆ ಎಲ್ಲಾದರೂ ಸಿಕ್ಕೀತು. ಚಿನ್ನಿ ಹಾರುವಷ್ಟು ಬಯಲು ಸಿಗಬೇಕಾದರೆ ಊರು ಅದನ್ನು ಎಲ್ಲರದೆಂದು ಕಾಯಬೇಕು. ಬೇಲಿ ಒಂದೊಂದೇ ಮೊಳ ಮುಂದೆ ಬಂದರೂ ಮೊದಲು ದನಕ್ಕೆ ಮೇವು ತಪ್ಪುತ್ತದೆ, ಆಮೇಲೆ ಮಕ್ಕಳಿಗೆ ಆಟ.

ಈ ರಜೆಯಲ್ಲಿ ಊರಿಗೆ ಹೋದವರು ಮಕ್ಕಳ ಕೈಗೊಂದು ದಾಂಡು ಕೊಟ್ಟು ಗೋಮಾಳದ ತನಕ ನಡೆದು ಬನ್ನಿ. ಅದು ಊರಿನದು ಎಂದು ಅವರಿಗೆ ಹೇಳಿ. ಅದನ್ನು ಯಾರಿಗೂ ಒತ್ತುವರಿ ಮಾಡಗೊಡಬೇಡಿ.